ಮಂದಿ ಇದ್ದಲ್ಲಿ ರೊಕ್ಕ ಬರಲಿ

ತೊಗರಿ ರಾಶಿ ಮುಗಿದರೆ ಸಾಕು, ನಮ್ಮ ಯಾದಗಿರಿ, ಚಿತ್ತಾಪುರ, ಸೇಡಂ ಕಡೆಯ ಎಷ್ಟೋ ತಾಂಡಾಗಳಲ್ಲಿ ಮನೆಗಳಿಗೆ ಬೀಗ ಬೀಳುತ್ತದೆ. ಮುದುಕರನ್ನು ಬಿಟ್ಟು ಉಳಿದವರೆಲ್ಲ ಪುಣೆ, ಮುಂಬೈ, ಹೈದರಾಬಾದ್, ಬೆಂಗಳೂರು. ಈ ಗುಳೆ ಬಗ್ಗೆ ನಾವು ಪ್ರತಿ ವರ್ಷ ಬರೆಯುತ್ತೇವೆ, ಬರೆಯಲೇಬೇಕು. ಆದರೆ ನಮ್ಮ ಜಿಲ್ಲೆಗೇ ದುಡಿಯಲು ಬರುವವರ ಮಾತು ಯಾರೂ ಎತ್ತುವುದಿಲ್ಲ. ಸಿಮೆಂಟ್ ಕಾರ್ಖಾನೆಗಳಲ್ಲಿ, ಇಟ್ಟಂಗಿ ಭಟ್ಟಿಗಳಲ್ಲಿ, ಕಲಬುರಗಿ ರಿಂಗ್ ರೋಡಿನ ಹೊಸ ಕಟ್ಟಡಗಳಲ್ಲಿ ಉತ್ತರದ ರಾಜ್ಯಗಳ ಕೂಲಿಕಾರರಿದ್ದಾರೆ, ಕೆಲವರು ಹೆಂಡತಿ ಮಕ್ಕಳ ಸಮೇತ.

ಸೇಡಂ ಕಡೆಯ ಒಂದು ಸರ್ಕಾರಿ ಶಾಲೆಗೆ ಹೋಗಿದ್ದೆ. ಎರಡನೇ ಕ್ಲಾಸಿನಲ್ಲಿ ಬಿಹಾರದ ಹುಡುಗಿಯೊಬ್ಬಳು ಪಕ್ಕದ ಹುಡುಗಿಯ ಪುಸ್ತಕದೊಳಗೆ ಬಗ್ಗಿ ಕೂತಿದ್ದಳು. ಆ ಹುಡುಗಿ ಅಕ್ಷರದ ಮೇಲೆ ಬೆರಳಿಟ್ಟು ನಮ್ಮ ಕಡೆಯ ಉರ್ದು ದಖನಿಯಲ್ಲಿ ಅರ್ಥ ಹೇಳಿಕೊಡುತ್ತಿದ್ದಳು. ಯಾರೂ ಹೇಳಿ ಮಾಡಿಸಿದ್ದಲ್ಲ. “ಸೇರಿಸ್ಕೋತೀವ್ರಿ ಸರ್, ಇಲ್ಲ ಅನ್ನಂಗಿಲ್ಲ. ಆದ್ರ ಎಷ್ಟು ಪುಸ್ತಕ ಬೇಕಂತ ಇಂಡೆಂಟ್ ಮೊದ್ಲೇ ಹೋಗಿರ್ತದ. ನಡುವ ಬಂದ ಮಕ್ಕಳಿಗಿ ಎಲ್ಲಿಂದ ತರಬೇಕ್ರಿ?” ಎಂದರು ಮೇಡಂ.

2009ರ ಶಿಕ್ಷಣ ಹಕ್ಕು ಕಾಯ್ದೆ ಸ್ಪಷ್ಟವಾಗಿದೆ: ವಲಸೆ ಕುಟುಂಬಗಳ ಮಕ್ಕಳನ್ನು ಶಾಲೆಗೆ ಸೇರಿಸುವುದು ಸ್ಥಳೀಯ ಆಡಳಿತದ ಹೊಣೆ. ಟಿಸಿ ಇಲ್ಲವೆಂದು ತಡ ಮಾಡುವಂತಿಲ್ಲ. ಹೊಣೆಯೇನೋ ಹೊರಿಸಿದರು, ರೊಕ್ಕ? ಕೇಂದ್ರದ ರೊಕ್ಕ ಯಾರಿಗೆ ಎಷ್ಟೆಂದು ಹೇಳುವ 15ನೇ ಹಣಕಾಸು ಆಯೋಗ ಜನಸಂಖ್ಯೆಗೆ ಹಿಡಿದದ್ದು 2011ರ ಜನಗಣತಿಯನ್ನು. ಆಮೇಲೆ ಬಂದವರು ಆ ಲೆಕ್ಕದಲ್ಲೇ ಇಲ್ಲ. ಆದರೆ ಅವರು ನಮ್ಮ ನಳದ ನೀರೇ ಕುಡಿಯಬೇಕು, ಅವರ ಮಕ್ಕಳು ನಮ್ಮ ಅಂಗನವಾಡಿಗೇ ಬರಬೇಕು. ಹೊಸ ಜನಗಣತಿ 2027ಕ್ಕೆ. ಅದು ಮುಗಿದರೂ ನಾಲ್ಕು ತಿಂಗಳು ಇದ್ದು ಹೋಗುವವರು ಯಾವ ಊರಿನ ಲೆಕ್ಕಕ್ಕೆ?

ಬ್ರಿಟನ್ 2022ರಲ್ಲಿ ಉಕ್ರೇನಿನ ನಿರಾಶ್ರಿತರನ್ನು ಮನೆಗಳಲ್ಲಿ ಇರಿಸಿಕೊಳ್ಳುವ ಯೋಜನೆ ಮಾಡಿದಾಗ, ಬಂದ ಒಬ್ಬೊಬ್ಬರ ಲೆಕ್ಕದಲ್ಲಿ ಆಯಾ ಊರಿನ ಕೌನ್ಸಿಲ್‌ಗೆ, ಅಂದರೆ ಸ್ಥಳೀಯ ಆಡಳಿತಕ್ಕೆ, 10,500 ಪೌಂಡ್ ಕೊಟ್ಟಿತು. ಮುಂದಿನ ವರ್ಷ ಬಂದವರಿಗೆ ಅದನ್ನು 5,900ಕ್ಕೆ ಇಳಿಸಿತು, ಅದು ತಪ್ಪೆಂದೇ ನನ್ನ ಅಭಿಪ್ರಾಯ. ಆದರೂ ಮಂದಿಯ ಜೊತೆ ರೊಕ್ಕವೂ ಆ ಊರಿಗೆ ಹೋಯಿತಲ್ಲ! ನಿರಾಶ್ರಿತರು ಬೇರೆ, ಕೂಲಿಗೆ ಬಂದವರು ಬೇರೆ, ಒಪ್ಪುತ್ತೇನೆ. ಊರಿನ ಮೇಲೆ ಬೀಳುವ ಖರ್ಚು ಮಾತ್ರ ಇಬ್ಬರದೂ ಒಂದೇ.

ನಮಗೇನು ಇದು ಹೊಸದಲ್ಲ. ಟಿಬೆಟನ್ನರಿಗೆ ಬೈಲಕುಪ್ಪೆಯಲ್ಲಿ ಸುಮಾರು 3,000 ಎಕರೆ ಕೊಟ್ಟದ್ದು ನಮ್ಮದೇ ರಾಜ್ಯ. ಪೂರ್ವ ಬಂಗಾಳದಿಂದ ಬಂದವರು ಪಕ್ಕದ ಸಿಂಧನೂರಿನ ಆರ್‌ಎಚ್ (ಪುನರ್ವಸತಿ) ಕ್ಯಾಂಪ್‌ಗಳಲ್ಲಿ ಇವತ್ತು ಭತ್ತ ಬೆಳೆಯುತ್ತಿದ್ದಾರೆ. ಸರ್ಕಾರ ಭೂಮಿ ಕೊಟ್ಟು ನಿಲ್ಲಿಸಿದ್ದರಿಂದ ಅವರು ನಿಂತರು.

“ನಮ್ಮ ಮಂದಿಗೇ ಇಲ್ಲ, ಹೊರಗಿನವರಿಗ್ಯಾಕ?” ಎಂದು ಕೇಳುವವರ ಸಿಟ್ಟು ನನಗೆ ಅರ್ಥವಾಗುತ್ತದೆ. ಶಾಲೆಯಲ್ಲಿ ಮಾಸ್ತರರಿಲ್ಲ, ಬೇಸಿಗೆಯಲ್ಲಿ ನೀರಿಲ್ಲ. ಅದಕ್ಕೇ ಹೇಳುತ್ತಿರುವುದು, ಈ ರೊಕ್ಕ ಕೂಲಿಕಾರರ ಕೈಗಲ್ಲ, ಊರಿಗೆ ಬರಬೇಕು. ಹೆಚ್ಚಿನ ಒಂದು ಕೋಣೆ ಕಟ್ಟಿದರೆ ನಮ್ಮ ಮಕ್ಕಳೂ ಅಲ್ಲೇ ಕೂರುತ್ತಾರೆ. ಬೆಂಗಳೂರಿನ ಖಾಲಿ ಸೈಟುಗಳ ತಗಡಿನ ಶೆಡ್ಡುಗಳಲ್ಲಿ ಟ್ಯಾಂಕರ್ ನೀರಿಗೆ ಕಾಯುವ ನಮ್ಮ ಯಾದಗಿರಿಯವರೂ ಅಲ್ಲಿಗೆ ಹೊರಗಿನವರೇ. ಅವರ ಸಲುವಾಗಿ ಆ ವಾರ್ಡಿಗೂ ಇದೇ ಹಕ್ಕು ಕೇಳುತ್ತೇನೆ.

ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಗೆ 2023-24ರ ಬಜೆಟ್‌ನಲ್ಲಿ 5,000 ಕೋಟಿ ರೂಪಾಯಿ ಘೋಷಿಸಿದ್ದರು. ರಸ್ತೆ, ಭವನಗಳ ಕ್ರಿಯಾಯೋಜನೆ ಮಾಡುವಾಗ ಇದಕ್ಕೂ ಒಂದು ಪಾಲು ತೆಗೆದಿಡಲಿ. ಭಟ್ಟಿ, ಕಾರ್ಖಾನೆ, ಕಟ್ಟಡಗಳಿರುವ ಪಂಚಾಯ್ತಿ, ವಾರ್ಡುಗಳಲ್ಲಿ ಆಶಾ, ಅಂಗನವಾಡಿ ಕಾರ್ಯಕರ್ತೆಯರು ವರ್ಷಕ್ಕೆ ಎರಡು ಸಲ ಮಂದಿ ಎಣಿಸಲಿ, ಎಣಿಸಿದ ಕೆಲಸಕ್ಕೆ ಅವರಿಗೂ ಸಂಭಾವನೆ ಸಿಗಲಿ. ಆ ಎಣಿಕೆಯಂತೆ ಪುಸ್ತಕ, ರೇಷನ್, ಔಷಧಿ, ನೀರಿನ ರೊಕ್ಕ ನೇರವಾಗಿ ಪಂಚಾಯ್ತಿ ಖಾತೆಗೆ ಬೀಳಲಿ. ನಮ್ಮ ಶಾಸಕರು, ಮಂಡಳಿಯವರು ಇದನ್ನು ಓದುತ್ತಿದ್ದರೆ ಮುಂದಿನ ಸಭೆಯಲ್ಲಿ ಇಡಿ. ನಿಮ್ಮೂರಿನ ಶಾಲೆಯಲ್ಲಿ ಇಂಥ ಮಕ್ಕಳಿದ್ದರೆ ಕಾಮೆಂಟಿನಲ್ಲಿ ಊರಿನ ಹೆಸರು ಬರೆಯಿರಿ, ಪಟ್ಟಿ ಮಾಡಿ ಮನವಿ ಕೊಡೋಣ.