ಸ್ಪಷ್ಟನೆ: ರೋಗನಿರೋಧಕ ಶಕ್ತಿ ಹೆಚ್ಚಿದರೆ ಗ್ಲಾಕೋಮಾ ಹೋಗುತ್ತದೆಯೇ?

‘ರೋಗನಿರೋಧಕ ಶಕ್ತಿ ಹೆಚ್ಚಿಸಿಕೊಂಡರೆ ಕಣ್ಣಿನ ಒತ್ತಡ ತಾನಾಗಿಯೇ ಇಳಿಯುತ್ತದೆ, ಹನಿ ಔಷಧಿ ಬೇಡ’ ಎಂಬ ಸಂದೇಶವೊಂದು ರಾಯಚೂರು, ಸಿಂಧನೂರು, ಮಾನ್ವಿ ಕಡೆಯ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಹರಿದಾಡುತ್ತಿದೆ. ಗ್ಲಾಕೋಮಾ ಎಂದರೆ ಸಾಮಾನ್ಯವಾಗಿ ಕಣ್ಣಿನೊಳಗಿನ ಒತ್ತಡ ಏರಿ ದೃಷ್ಟಿನರ ಹಾಳಾಗುವ ರೋಗ. ಈ ಸಂದೇಶದ ಮೊದಲರ್ಧಕ್ಕೆ ಆಧಾರವಿಲ್ಲ, ಉಳಿದರ್ಧ ಅಪಾಯಕಾರಿ.

ಸಂದೇಶದ ಬುಡದಲ್ಲಿ ಒಂದು ನಿಜ ಇರುವುದರಿಂದಲೇ ಅದು ನಂಬುವಂತೆ ಕಾಣುತ್ತದೆ. ಕಣ್ಣಿನೊಳಗೆ ಸದಾ ಉತ್ಪತ್ತಿಯಾಗುವ ತಿಳಿದ್ರವವು ಕಣ್ಣಿನ ಮುಂಭಾಗದ ಪಾರದರ್ಶಕ ಪದರ ಮತ್ತು ಬಣ್ಣದ ಪೊರೆ ಸೇರುವ ಮೂಲೆಯಲ್ಲಿರುವ ಜರಡಿಯಂಥ ಅಂಗಾಂಶವನ್ನು ದಾಟಿ ಶ್ಲೆಮ್ ನಾಳವೆಂಬ ಸಣ್ಣ ಕಾಲುವೆಯ ಮೂಲಕ ಹೊರಹೋಗುತ್ತದೆ. ತೂಬು ಕಟ್ಟಿಕೊಂಡರೆ ಮೇಲ್ಭಾಗದಲ್ಲಿ ನೀರು ಏರುವುದನ್ನು ತುಂಗಭದ್ರಾ ಎಡದಂಡೆಯ ರೈತರಿಗೆ ಹೇಳಿಕೊಡಬೇಕಿಲ್ಲ. ಆ ಜರಡಿಯಲ್ಲಿ ಮ್ಯಾಕ್ರೋಫೇಜ್ ಎಂಬ ನಿರೋಧಕ ಕೋಶಗಳು ನೆಲೆಸಿವೆ. ಅಲ್ಲಿಯೇ ನೆಲೆಸಿದ ಇಂಥ ಕೋಶಗಳನ್ನು ಇಲಿಗಳಲ್ಲಿ ತೆಗೆದಾಗ ಹೊರಹರಿವು ಕುಗ್ಗಿ ಒತ್ತಡ ಏರಿದೆ. ಆದರೆ 2018ರಲ್ಲಿ ಪ್ರಕಟವಾದ ಮತ್ತೊಂದು ಇಲಿ ಅಧ್ಯಯನದಲ್ಲಿ, ಒತ್ತಡ ಏರಿದ ಬಳಿಕ ಟಿ-ಕೋಶಗಳೆಂಬ ಬೇರೆ ನಿರೋಧಕ ಕೋಶಗಳು ಅಕ್ಷಿಪಟಲದೊಳಗೆ ನುಗ್ಗಿ, ಒತ್ತಡ ಇಳಿದ ಮೇಲೂ ನರಕೋಶಗಳನ್ನು ಹಾಳುಮಾಡಿದ್ದು ಕಂಡುಬಂತು. ಒಂದು ಬಗೆಯ ಕೋಶ ಕಾಯುವಲ್ಲಿ ಇನ್ನೊಂದು ಕೆಡಿಸಬಲ್ಲದಾದ್ದರಿಂದ, ಒಟ್ಟಾರೆ ‘ಶಕ್ತಿ ಹೆಚ್ಚಿಸುವ’ ಮಾತಿಗೆ ಇಲ್ಲಿ ಅರ್ಥವಿಲ್ಲ. ಯಾವ ಕಷಾಯವೂ ಈ ಕೋಶಗಳನ್ನು ಆರಿಸಿ ಬಲಪಡಿಸುತ್ತದೆಂದು ಸಾಬೀತಾಗಿಲ್ಲ.

ಒತ್ತಡವನ್ನು ಇಳಿಸುತ್ತವೆಂದು ಖಚಿತವಾಗಿರುವುದು ಹನಿ ಔಷಧಿ, ಲೇಸರ್ ಮತ್ತು ಶಸ್ತ್ರಚಿಕಿತ್ಸೆ. (ಅಂಗಡಿಯಿಂದ ತಾವೇ ತಂದು ಹಾಕಿಕೊಳ್ಳುವ ಸ್ಟೀರಾಯ್ಡ್ ಹನಿಗಳು ಕೆಲವರಲ್ಲಿ ಒತ್ತಡವನ್ನು ಏರಿಸುತ್ತವೆ.) ಗ್ಲಾಕೋಮಾದಿಂದ ಹೋದ ದೃಷ್ಟಿ ಮರಳುವುದಿಲ್ಲವಾದ್ದರಿಂದ, ವೈದ್ಯರನ್ನು ಕೇಳದೆ ಯಾರೂ ಹನಿ ನಿಲ್ಲಿಸಬಾರದು. ದಯವಿಟ್ಟು ಆ ಸಂದೇಶವನ್ನು ಮುಂದೆ ಕಳುಹಿಸಬೇಡಿ; ಈಗಾಗಲೇ ಕಳುಹಿಸಿದ್ದರೆ ಅದೇ ಗುಂಪಿಗೆ ಈ ಸ್ಪಷ್ಟನೆಯನ್ನೂ ತಲುಪಿಸಿ.