ನೆರಳು ನೋಡಿ ಟೆಂಟ್ ಹೊಡೀಬ್ಯಾಡ್ರಿ: ಅಂಡಮಾನಿಗೆ ಹೊರಟ ನಮ್ಮ ಕಡೆಯವರಿಗೆ

ಚಳಿಗಾಲದ ರಜೆ ಹತ್ತಿರ ಬಂತೆಂದರೆ ಕಲಬುರಗಿ, ಬೀದರ್, ಯಾದಗಿರಿ ಹುಡುಗರ ಗುಂಪುಗಳಲ್ಲಿ ಅಂಡಮಾನ್ ಮಾತು ಏಳುತ್ತದೆ. ಹೈದರಾಬಾದಿನಿಂದಲೋ ಚೆನ್ನೈಯಿಂದಲೋ ವಿಮಾನ, ಆನ್‌ಲೈನಿನಲ್ಲಿ ತರಿಸಿದ ಟೆಂಟ್, ನಾಲ್ಕು ಜನ ಗೆಳೆಯರು. ಟೆಂಟ್ ಎಲ್ಲಿ ಹೊಡೀತೀರಿ ಅಂತ ಕೇಳಿದರೆ ಬರುವ ಉತ್ತರ ಒಂದೇ: "ಅಲ್ಲೇ ಹೋಗಿ ನೋಡಿದರಾಯ್ತು ಬಿಡ್ರಿ, ಸಮುದ್ರದ ದಂಡಿಗೆ ಒಂದು ತೆಂಗಿನ ಗಿಡ ಇದ್ದೇ ಇರತದ."

ಆ ಮಾತಿಗೇ ಈ ಬರಹ.

ನಮ್ಮದು ಬಿಸಿಲು ನಾಡು. ಹೊಲಕ್ಕೆ ಹೋದರೂ ಜಾತ್ರೆಗೆ ಹೋದರೂ ಬುತ್ತಿ ಬಿಚ್ಚುವ ಮುಂಚೆ ನಮ್ಮ ಕಣ್ಣು ಹುಡುಕುವುದು ಎರಡನ್ನೇ. ದೊಡ್ಡ ಗಿಡದ ನೆರಳು, ಹತ್ತಿರದಲ್ಲಿ ನೀರು. ಬೇವಿನ ಬುಡ, ಹುಣಸೆ ಬುಡ, ಹಳ್ಳದ ದಂಡೆ. ಇಲ್ಲಿಗೆ ಅದು ಸರಿಯಾದ ಬುದ್ಧಿಯೇ, ತಲೆಮಾರುಗಳಿಂದ ಕಲಿತದ್ದು. ಆದರೆ ಮಳೆಕಾಡಿನ ದ್ವೀಪದಲ್ಲಿ ಜೀವಕ್ಕೆ ಎರವಾಗುವ ಜಾಗಗಳೂ ಇವೇ ಎರಡು: ದೊಡ್ಡ ಗಿಡದ ಬುಡ ಮತ್ತು ನೀರಿನ ದಂಡೆ. ಈ ರೂಢಿಯನ್ನು ವಾಡಿ ಜಂಕ್ಷನ್ನಿನಲ್ಲೇ ಇಳಿಸಿ ಮುಂದೆ ಹೋಗಬೇಕು.

ಮೊದಲು ಕಾಗದದ ಮಾತು, ಬೇಗ ಮುಗಿಸುತ್ತೇನೆ. ಸಿಕ್ಕ ಸಿಕ್ಕ ಕಡಲತೀರದಲ್ಲಿ ರಾತ್ರಿ ಟೆಂಟ್ ಹಾಕಲು ಅಲ್ಲಿ ಬಿಡುವುದಿಲ್ಲ. ಬಹುಪಾಲು ನೆಲ ಅರಣ್ಯ ಇಲಾಖೆಯದು. ಆದಿವಾಸಿಗಳ ಮೀಸಲು ಪ್ರದೇಶಕ್ಕೆ 1956ರ ಸಂರಕ್ಷಣಾ ಕಾಯ್ದೆಯ ಪ್ರಕಾರ ಕಾಲಿಡುವಂತೆಯೇ ಇಲ್ಲ. ಶ್ರೀ ವಿಜಯಪುರದಲ್ಲಿ, ಅಂದರೆ ಹಳೆಯ ಪೋರ್ಟ್ ಬ್ಲೇರಿನಲ್ಲಿ, ಅರಣ್ಯ ಕಚೇರಿಗೆ ಹೋಗಿ ಕೇಳಿಕೊಳ್ಳಿ. ಅಥವಾ ಸ್ವರಾಜ್ ದ್ವೀಪ, ಶಹೀದ್ ದ್ವೀಪಗಳಲ್ಲಿ ಖಾಸಗಿ ಜಾಗದ ಮಾಲೀಕರ ಒಪ್ಪಿಗೆ ಪಡೆಯಿರಿ. ಈ ಎರಡರ ಹಳೆಯ ಹೆಸರು ಹ್ಯಾವ್‌ಲಾಕ್, ನೀಲ್. ಹೆಸರು ಬದಲಾದದ್ದು 2018ರಲ್ಲಿ. ಖಾಸಗಿ ಜಾಗವಾದರೂ ಅದರೊಳಗೆ ಟೆಂಟ್ ಯಾವ ಮೂಲೆಗೆ ಎನ್ನುವುದನ್ನು ನೀವೇ ಆರಿಸಬೇಕಾಗುತ್ತದೆ. ಮಾಲೀಕರು ತೋರಿಸುವುದು ಫೋಟೊಕ್ಕೆ ಚೆಂದ ಕಾಣುವ ಮೂಲೆ.

ಇನ್ನು ಸಮುದ್ರ. ನಮ್ಮ ಭೀಮಾ, ಕೃಷ್ಣಾ ಹೊಳೆಗಳು ಮಳೆ ಬಂದರೆ, ಮೇಲಿನ ಅಣೆಕಟ್ಟು ಬಿಟ್ಟರೆ ಏರುತ್ತವೆ. ಸಮುದ್ರಕ್ಕೆ ಮಳೆ ಬೇಕಿಲ್ಲ, ದಿನಕ್ಕೆ ಎರಡು ಸಲ ತಾನೇ ಏರುತ್ತದೆ. ಒಂದು ಉಬ್ಬರದಿಂದ ಇನ್ನೊಂದಕ್ಕೆ ಸುಮಾರು 12 ಗಂಟೆ 25 ನಿಮಿಷ. ಬೆಳಿಗ್ಗೆ 10ಕ್ಕೆ ನೀರು ತುಂಬಿದ್ದರೆ ರಾತ್ರಿ ಹತ್ತೂವರೆ ಹೊತ್ತಿಗೆ ಮತ್ತೆ ತುಂಬಿರುತ್ತದೆ, ಮರುದಿನ ಇನ್ನಷ್ಟು ತಡವಾಗಿ. ಶ್ರೀ ವಿಜಯಪುರದ ಕಡೆ ದೊಡ್ಡ ಉಬ್ಬರದ ದಿನಗಳಲ್ಲಿ ಏರಿಳಿತ ಸುಮಾರು 2 ಮೀಟರ್. ಕೇಳಲು ಸಣ್ಣದು. ಆದರೆ ಮರಳಿನ ಇಳಿಜಾರು 20 ಮೀಟರಿಗೆ 1 ಮೀಟರ್ ಇದ್ದರೆ, ಆ 2 ಮೀಟರ್ ನೀರು 40 ಮೀಟರ್ ಮರಳನ್ನು ನುಂಗುತ್ತದೆ. ಸಂಜೆ ನೀವು ಕಂಡ ಅಗಲವಾದ ಬೆಳ್ಳನೆಯ ಮರಳು ಸಮುದ್ರದ ಹಾಸಿಗೆ. ಅದು ವಾಪಸ್ ಬಂದು ಮಲಗುತ್ತದೆ.

ಇಲ್ಲಿ ನಮ್ಮ ಮನೆಯ ಗೋಡೆ ಮೇಲಿನ ತಿಥಿ ಕ್ಯಾಲೆಂಡರ್ ಬಹಳ ಕೆಲಸಕ್ಕೆ ಬರುತ್ತದೆ. ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸು, ಸಾಮಾನ್ಯವಾಗಿ ಒಂದೆರಡು ದಿನ ಕಳೆದು, ಉಬ್ಬರ ಅತಿ ದೊಡ್ಡದು. ಅಷ್ಟಮಿ ಹೊತ್ತಿಗೆ ಅತಿ ಸಣ್ಣದು. ತಪ್ಪು ಆಗುವುದು ಹೀಗೆ: ಅಷ್ಟಮಿ ದಿನ ಹೋಗಿ ಮರಳಿನ ಮೇಲೆ ನೀರಿನ ಗೆರೆ ನೋಡಿ, ಅದಕ್ಕಿಂತ ಹತ್ತು ಹೆಜ್ಜೆ ಮೇಲೆ ಟೆಂಟ್ ಹಾಕುತ್ತಾರೆ. ಆ ರಾತ್ರಿ ಏನೂ ಆಗುವುದಿಲ್ಲ, ಮರುರಾತ್ರಿಯೂ ಇಲ್ಲ, ಧೈರ್ಯ ಬರುತ್ತದೆ. ನಾಲ್ಕನೆಯದೋ ಐದನೆಯದೋ ರಾತ್ರಿ ನೀರು ಹಾಸಿಗೆಯೊಳಗೆ. ದಿನದಿನಕ್ಕೂ ಉಬ್ಬರ ಬೆಳೆಯುತ್ತಿತ್ತು, ಕತ್ತಲಲ್ಲಿ ಯಾರೂ ನೋಡಲಿಲ್ಲ ಅಷ್ಟೇ.

ಹಾಗಾಗಿ ಗೆರೆ ಹುಡುಕುವಾಗ ಒಂದಕ್ಕೆ ನಿಲ್ಲಬೇಡಿ. ಹಸಿ ಪಾಚಿ, ಒದ್ದೆ ಕಸ ಇರುವುದು ಇವತ್ತಿನ ಗೆರೆ. ಅದರ ಮೇಲೆ ಒಣಗಿದ ಕಸ, ತೆಂಗಿನ ಚಿಪ್ಪು, ಪ್ಲಾಸ್ಟಿಕ್ ಬಾಟಲಿ, ಸವೆದ ಚಪ್ಪಲಿ ಸಾಲಾಗಿ ಬಿದ್ದ ಇನ್ನೊಂದು ಗೆರೆ ಇರುತ್ತದೆ. ದೊಡ್ಡ ಉಬ್ಬರ ಮುಟ್ಟಿ ಹೋದ ಜಾಗ ಅದು. ಅದಕ್ಕೂ ಮೇಲೆ, ನೇರಳೆ ಹೂವಿನ, ಸೀಳಿದ ಗೊರಸಿನಂಥ ಎಲೆಯ ಅಡುಂಬು ಬಳ್ಳಿ ಮರಳಿನ ಮೇಲೆ ಹಬ್ಬಿರುತ್ತದೆ. ಬಳ್ಳಿ ಹಳೆಯದಾಗಿ, ದಟ್ಟವಾಗಿ ಬೇರು ಬಿಟ್ಟಿದ್ದರೆ ಅಲ್ಲಿಗೆ ನೀರು ಅಪರೂಪಕ್ಕೆ ಮಾತ್ರ ಬರುತ್ತದೆ. ಟೆಂಟ್ ಆ ಬಳ್ಳಿಯಿಂದಲೂ ಒಳಗೆ, ನೆಲ ಏರಿದ ಕಡೆ ಇರಲಿ.

ಎಷ್ಟು ಎತ್ತರ? ಉತ್ತರ ಆಸ್ಟ್ರೇಲಿಯಾದ ಮೊಸಳೆ ನಾಡಿನಲ್ಲಿ ಸರ್ಕಾರ ಹೇಳುವ ಲೆಕ್ಕ ನನಗೆ ಒಪ್ಪಿಗೆ: ಉಬ್ಬರದ ಗೆರೆಗಿಂತ ಕನಿಷ್ಠ 2 ಮೀಟರ್ ಎತ್ತರ, ನೀರಿನ ಅಂಚಿನಿಂದ ಕನಿಷ್ಠ 50 ಮೀಟರ್ ದೂರ. ಎತ್ತರ ಅಳೆಯಲು ಯಂತ್ರ ಬೇಡ. ಪಾರದರ್ಶಕ ನೀರಿನ ಬಾಟಲಿಯಲ್ಲಿ ಅರ್ಧ ನೀರು ಬಿಟ್ಟು ಮುಚ್ಚಳ ಹಾಕಿ. ಮೇಲಿನ ಕಸದ ಗೆರೆಯ ಮೇಲೆ ನಿಂತು, ಬಾಟಲಿಯನ್ನು ಅಡ್ಡ ಹಿಡಿದು ಕಣ್ಣಿನ ಮಟ್ಟಕ್ಕೆ ತನ್ನಿ. ನೀರಿನ ಮೇಲ್ಮೈಗೆ ಸಮವಾಗಿ ದಿಟ್ಟಿಸಿದಾಗ ನೋಟ ಎದುರಿನ ನೆಲಕ್ಕೆ ಎಲ್ಲಿ ತಾಗುತ್ತದೋ ಆ ಜಾಗ ನಿಮ್ಮ ಕಣ್ಣಿನಷ್ಟು ಎತ್ತರದಲ್ಲಿದೆ, ಅಂದರೆ ಸುಮಾರು ಒಂದೂವರೆ ಮೀಟರ್. ಅಲ್ಲಿಗೆ ಹೋಗಿ ನಿಂತು ಇನ್ನೊಮ್ಮೆ ನೋಡಿ. ಗವಂಡಿಗಳು ನೀರಿನ ಪೈಪ್ ಹಿಡಿದು ಮಟ್ಟ ನೋಡುವುದೂ ಇದೇ ಲೆಕ್ಕ. ಟೆಂಟ್ ಹಾಕುವ ಜಾಗದಲ್ಲಿ ಮೊಳಕೈ ಆಳದ ಒಂದು ಗುಂಡಿಯನ್ನೂ ತೋಡಿ ನೋಡಿ. ತಳದಲ್ಲಿ ನೀರು ಒಸರಿದರೆ ಜಾಗ ಬಿಡಿ.

ಮೊಸಳೆ ಅಂದೆ. ಯಾದಗಿರಿ ಕಡೆ ಕೃಷ್ಣಾ ದಂಡೆಯ ಮಂದಿಗೆ ಮೊಸಳೆ ಹೊಸದಲ್ಲ. ಆದರೆ ನಮ್ಮ ಹೊಳೆಯ ಮೊಸಳೆ ಬೇರೆ, ಅಂಡಮಾನಿನದು ಬೇರೆ. ಅದು ಉಪ್ಪುನೀರಿನ ಮೊಸಳೆ, ಇನ್ನೂ ದೊಡ್ಡದು, ಸಮುದ್ರದಲ್ಲೇ ಒಂದು ಕೊಲ್ಲಿಯಿಂದ ಇನ್ನೊಂದಕ್ಕೆ ಈಜುತ್ತದೆ. 2010ರಲ್ಲಿ ಸ್ವರಾಜ್ ದ್ವೀಪದ ರಾಧಾನಗರ ತೀರದ ಹತ್ತಿರ ಈಜುತ್ತಿದ್ದ ವಿದೇಶಿ ಪ್ರವಾಸಿಯೊಬ್ಬರು ಇದಕ್ಕೆ ಬಲಿಯಾದರು. ಅದರ ನೆಚ್ಚಿನ ಜಾಗ ಹಳ್ಳ ಸಮುದ್ರಕ್ಕೆ ಸೇರುವ ಬಾಯಿ ಮತ್ತು ಕಾಂಡ್ಲಾ ಕಾಡಿನ, ಅಂದರೆ ಉಪ್ಪುನೀರಿನಲ್ಲಿ ಬೆಳೆಯುವ ಮ್ಯಾಂಗ್ರೋವ್ ಗಿಡಗಳ ಕಾಡಿನ, ಕೆಸರು. ನಮ್ಮ ಕಣ್ಣಿಗೆ "ನೀರಿನ ಅನುಕೂಲ" ಎಂದು ಕಾಣುವ ಜಾಗವೇ ಅದು! ಗುಡ್ಡದ ಮೇಲೆ ಮಳೆಯಾದರೆ ಅದೇ ಹಳ್ಳ ಗಂಟೆಯೊಳಗೆ ತುಂಬಿ ಹರಿಯುತ್ತದೆ. ಕಚ್ಚುವ ಸಣ್ಣ ನೊಣ ಹುಟ್ಟುವುದೂ ಆ ಕೆಸರಿನಲ್ಲೇ. ಮೂರು ಕಾರಣಕ್ಕೂ ಹಳ್ಳದ ಬಾಯಿ ಬೇಡ. ಮೀನು ತೊಳೆದ ನೀರು, ಎಲುಬು, ಎಂಜಲು ಯಾವುದನ್ನೂ ದಂಡೆಗೆ ಚೆಲ್ಲಬೇಡಿ. ದಿನಾ ಒಂದೇ ಜಾಗದಲ್ಲಿ ಪಾತ್ರೆ ತೊಳೆಯಲು ಇಳಿಯಬೇಡಿ. ಮೊಸಳೆ ನಿಮ್ಮ ರೂಢಿಯನ್ನು ಕಲಿಯುತ್ತದೆ.

ಇನ್ನು ತಲೆ ಮೇಲಿನದು. ಬೇವಿನ ಬುಡದಲ್ಲಿ ಮಲಗಿದವರ ಮೇಲೆ ಬೀಳುವುದು ಬೇವಿನ ಹಣ್ಣು. ತೆಂಗಿನ ಬುಡದಲ್ಲಿ ಮಲಗಿದರೆ ಒಂದು ಕಿಲೋಗೂ ಹೆಚ್ಚು ತೂಕದ ಕಾಯಿ 15-20 ಮೀಟರ್ ಮೇಲಿಂದ ಬರುತ್ತದೆ. ಒಣ ಗರಿ ಬಿದ್ದರೂ ಟೆಂಟಿನ ಕಡ್ಡಿ ಮುರಿಯಲು ಸಾಕು. ದಂಡೆಯ ತೆಂಗು ನೀರಿನ ಕಡೆ ಬಾಗಿರುತ್ತದೆ, ಹಾಗಾಗಿ ದೂರವನ್ನು ಕಾಂಡದಿಂದ ಅಳೆಯಬೇಡಿ. ತಲೆಯ ಗರಿಗಳು ಎಲ್ಲಿವೆಯೋ ಅದರ ನೇರ ಕೆಳಗಿನಿಂದ ಎಣಿಸಿ ಏಳೆಂಟು ಮೀಟರ್ ಆಚೆ ಇರಿ. ಸರ್ವೆ ಗಿಡದ ಕೆಳಗೆ ನೆಲ ಮೆತ್ತಗಿರುತ್ತದೆ, ಆದರೆ ಗಾಳಿಗೆ ಅದರ ಕೊಂಬೆ ಲಟಕ್ಕನೆ ಮುರಿಯುತ್ತದೆ. ಪಡೌಕ್, ಗರ್ಜನ್‌ನಂಥ ದೈತ್ಯ ಗಿಡಗಳ ಕೆಳಗೆ ನಿಂತು ಮೇಲೆ ನೋಡಿ: ಎಲೆ ಇಲ್ಲದ ಬೂದು ಬಣ್ಣದ ಕೊಂಬೆ ಒಂದು ಕಂಡರೂ ಅಲ್ಲಿ ಮಲಗಬಾರದು. ನೆರಳು ಬೇಕೇ ಬೇಕಲ್ಲ, ಅದಕ್ಕೆ ಎರಡಾಳೆತ್ತರದ ಪೊದೆಸಾಲು ಸಾಕು, ಇಲ್ಲವೇ ಟೆಂಟಿನ ಮೇಲೊಂದು ತಾಡಪತ್ರಿ ಕಟ್ಟಿ.

ಗಿಡಗಳ ಮಾತಲ್ಲೇ ಇನ್ನೊಂದು. ಕೊಂಬೆ ಮುರಿದರೆ ಬೆಳ್ಳಗೆ ಹಾಲು ಸುರಿಸುವ ಒಂದು ಗಿಡ ಅಲ್ಲಿನ ಕಾಂಡ್ಲಾ ಅಂಚಿನಲ್ಲಿ ಬೆಳೆಯುತ್ತದೆ. ಹಾಲು ಕಣ್ಣಿಗೆ ಬಿದ್ದರೆ ನಮ್ಮ ಕಳ್ಳಿ ಹಾಲಿನಂತೆಯೇ ಕಣ್ಣು ಕೆಡಿಸುತ್ತದೆ, ಅದರ ಕಟ್ಟಿಗೆ ಉರಿಸಿದ ಹೊಗೆಯೂ ಕಣ್ಣಿಗೆ ಕೆಟ್ಟದ್ದು. ಹಾಲು ಬರುವ ಯಾವ ಗಿಡವನ್ನೂ ಟೆಂಟಿಗೂ ಒಲೆಗೂ ಬಳಸಬೇಡಿ. ಒಲೆಗೆ ಸತ್ತ ಹವಳದ ಕಲ್ಲು ಜೋಡಿಸುವುದೂ ಬೇಡ. ನೀರು ಕುಡಿದ ಕಲ್ಲು ಕಾದರೆ ಸಿಡಿಯುತ್ತದೆ, ಹವಳ ಎತ್ತುವುದು ವನ್ಯಜೀವಿ ಕಾಯ್ದೆಯಡಿ ಅಪರಾಧವೂ ಹೌದು.

ಗಾಳಿ ಮತ್ತು ಬಿಸಿಲನ್ನು ಒಟ್ಟಿಗೇ ನೋಡಬೇಕು. ನವೆಂಬರಿನಿಂದ ಫೆಬ್ರವರಿವರೆಗೆ ಗಾಳಿ ಈಶಾನ್ಯದಿಂದ. ಆಗ ಸ್ವರಾಜ್ ದ್ವೀಪದ ಪೂರ್ವಕ್ಕಿರುವ ವಿಜಯನಗರ, ಕಾಲಾ ಪತ್ಥರ್ ಕಡೆ ಗಾಳಿಯ ಹೊಡೆತ ನೇರ. ಪಶ್ಚಿಮದ ರಾಧಾನಗರದ ಕಡೆಗೆ ಕಾಡು ಅಡ್ಡ ಇದೆ. ಮೇ ತಿಂಗಳಿಂದ ಸೆಪ್ಟೆಂಬರ್‌ವರೆಗೆ ಇದು ತಿರುವುಮುರುವು, ಆಗ ಟೆಂಟಿನ ಯೋಚನೆಯೇ ಬೇಡ. ಅಲ್ಲಿ ವರ್ಷಕ್ಕೆ ಸುಮಾರು 3000 ಮಿಲಿಮೀಟರ್ ಮಳೆ, ಕಲಬುರಗಿಯ ನಾಲ್ಕು ವರ್ಷದ ಮಳೆ ಒಂದೇ ವರ್ಷಕ್ಕೆ. ಚಳಿಗಾಲದಲ್ಲಿ ಪಶ್ಚಿಮ ದಂಡೆಗೆ ಇನ್ನೊಂದು ಲಾಭವಿದೆ. ಶ್ರೀ ವಿಜಯಪುರ ನಮಗಿಂತ 16 ರೇಖಾಂಶ ಪೂರ್ವಕ್ಕಿದೆ, ಗಡಿಯಾರ ಮಾತ್ರ ಒಂದೇ. ಹಾಗಾಗಿ ಅಲ್ಲಿ ಸೂರ್ಯ ಒಂದು ಗಂಟೆ ಮೊದಲೇ ಹುಟ್ಟುತ್ತಾನೆ, ಮೊದಲೇ ಮುಳುಗುತ್ತಾನೆ. ಪೂರ್ವ ದಂಡೆಯ ಟೆಂಟ್ ಬೆಳಿಗ್ಗೆ ಏಳಕ್ಕೇ ಹಂಚಿನಂತೆ ಕಾದಿರುತ್ತದೆ. ಪೂರ್ವಕ್ಕೆ ಕಾಡೋ ಗುಡ್ಡವೋ ಇದ್ದರೆ ಎರಡು ತಾಸು ತಂಪು ಹೆಚ್ಚು ಸಿಗುತ್ತದೆ. ಡಿಸೆಂಬರಿನಲ್ಲಿ ಐದು ಗಂಟೆಗೆಲ್ಲ ಸೂರ್ಯ ಮುಳುಗುತ್ತಾನೆ ಎನ್ನುವುದನ್ನು ಮರೆತು ಸಂಜೆಯ ದೋಣಿಗೆ ಹೋದರೆ ಜಾಗ ನೋಡುವುದು ಟಾರ್ಚ್ ಬೆಳಕಿನಲ್ಲಿ. ಮೇಲೆ ಹೇಳಿದ ಯಾವುದೂ ಟಾರ್ಚಿನಲ್ಲಿ ಕಾಣುವುದಿಲ್ಲ. ಮಧ್ಯಾಹ್ನ ಎರಡರೊಳಗೆ ಜಾಗದಲ್ಲಿರಿ.

ಗಾಳಿ ಪೂರ್ತಿ ನಿಂತ ಜಾಗವೂ ಒಳ್ಳೆಯದಲ್ಲ. ಮರಳಿನ ಸಣ್ಣ ನೊಣ ಸಾಸಿವೆಗಿಂತ ಚಿಕ್ಕದು, ಸಾದಾ ಸೊಳ್ಳೆ ಪರದೆಯ ಕಣ್ಣಿನಲ್ಲಿ ನುಸುಳಿ ಬರುತ್ತದೆ. ಆದರೆ ಹಾರುವ ಬಲ ಅದಕ್ಕೆ ಕಡಿಮೆ, ಮಂದ ಗಾಳಿ ಬೀಸಿದರೂ ಏಳುವುದಿಲ್ಲ. ಆರಿಸಿದ ಜಾಗದಲ್ಲಿ ಸೊಂಟದೆತ್ತರಕ್ಕೆ ಒಂದು ತೆಳು ಟವೆಲ್ ಕಟ್ಟಿ ಹತ್ತು ನಿಮಿಷ ನೋಡಿ. ಜೋತು ಬಿದ್ದೇ ಇದ್ದರೆ ರಾತ್ರಿ ನೊಣದ ಕಾಟ. ಅಡ್ಡಲಾಗಿ ನೆಟ್ಟಗೆ ಹಾರುತ್ತಿದ್ದರೆ ಮಳೆ ಗಾಳಿಗೆ ಟೆಂಟ್ ನಿಲ್ಲದು. ಮೆಲ್ಲಗೆ ಅಲ್ಲಾಡುತ್ತಲೇ ಇದ್ದರೆ ಅದು ಸರಿಯಾದ ಜಾಗ.

ಮೊಳೆಗಳ ಮಾತು ನಮ್ಮವರಿಗೆ ಬಿಟ್ಟೂಬಿಡದೆ ಹೇಳಬೇಕು. ಎರೆ ಮಣ್ಣಿನಲ್ಲಿ ಮೊಳೆ ಹೊಡೆದರೆ ಹಿಡಿದುಕೊಳ್ಳುತ್ತದೆ, ಶಹಾಬಾದ್ ಪರಸಿ ಇರುವಲ್ಲಿ ಬಾಗುತ್ತದೆ. ಮರಳಿನಲ್ಲಿ ಎರಡೂ ಇಲ್ಲ, ಬೆಣ್ಣೆಯಲ್ಲಿ ಚುಚ್ಚಿದಂತೆ ಹೋಗಿ ಹಾಗೇ ಎದ್ದು ಬರುತ್ತದೆ. ಟೆಂಟಿನ ಜೊತೆ ಕೊಡುವ ಗೇಣುದ್ದದ ಕಡ್ಡಿಮೊಳೆಗಳನ್ನು ಮನೆಯಲ್ಲೇ ಬಿಡಿ. ಐದು ಕಿಲೋ ಅಕ್ಕಿ ಚೀಲದಂಥ ಖಾಲಿ ಚೀಲಗಳನ್ನು ಆರೆಂಟು ಒಯ್ಯಿರಿ, ತೂಕವಿಲ್ಲ. ಮರಳು ತುಂಬಿ ಬಾಯಿ ಕಟ್ಟಿ, ಹಗ್ಗವನ್ನು ಚೀಲದ ನಡುವಿಗೆ ಬಿಗಿದು, ಮೊಳಕೈ ಆಳದಲ್ಲಿ ಹೂತು, ಮೇಲೆ ಮರಳು ಎಳೆದು ನೀರು ಚಿಮುಕಿಸಿ ತುಳಿಯಿರಿ. ಹಗ್ಗ ನೆಟ್ಟಗೆ ಮೇಲಕ್ಕೆ ಬರಬಾರದು, ಓರೆಯಾಗಿ ಬರಬೇಕು. ನೆಟ್ಟಗಿದ್ದರೆ ಗಾಳಿ ಚೀಲವನ್ನು ಕಿತ್ತೆತ್ತುತ್ತದೆ, ಓರೆಯಿದ್ದರೆ ಎದುರಿನ ಮರಳೆಲ್ಲ ಅದನ್ನು ತಡೆಯುತ್ತದೆ. ನೆಲದಲ್ಲಿ ಏಡಿ ಬಿಲಗಳು ಸಾಲಾಗಿದ್ದರೆ ಹತ್ತು ಹೆಜ್ಜೆ ಸರಿಯಿರಿ. ಬೂಟು ಕೊಡವಿ ಹಾಕಿಕೊಳ್ಳುವ ನಮ್ಮ ಚೇಳಿನ ರೂಢಿ ಮಾತ್ರ ಅಲ್ಲಿಯೂ ಇರಲಿ, ಅಲ್ಲಿನ ಜರಿಯ ಕಡಿತ ಬಹಳ ಉರಿ.

ಭೂಕಂಪದ ವಿಷಯ ಹೇಳದೆ ಮುಗಿಸುವಂತಿಲ್ಲ. 2004ರ ಡಿಸೆಂಬರ್ 26ರಂದು ಆ ದ್ವೀಪಗಳಲ್ಲಿ ನಡೆದದ್ದು ಎಲ್ಲರಿಗೂ ಗೊತ್ತು. ಸುನಾಮಿ ಎಚ್ಚರಿಕೆ ಕೊಡುವ ಇನ್‌ಕಾಯಿಸ್ ಕೇಂದ್ರ ನಮ್ಮ ಪಕ್ಕದ ಹೈದರಾಬಾದಿನಲ್ಲೇ ಇದೆ, ಅಲೆಯ ಎತ್ತರದ ಮುನ್ಸೂಚನೆಯನ್ನೂ ಅದು ದಿನಾ ಕೊಡುತ್ತದೆ, ಹೊರಡುವ ಮುಂಚೆ ನೋಡಿಕೊಳ್ಳಿ. ಆದರೆ ನೆಲ ಜೋರಾಗಿ, ನಿಲ್ಲಲಾಗದಷ್ಟು ಅಥವಾ ಬಹಳ ಹೊತ್ತು ಅಲುಗಿದರೆ ಮೊಬೈಲ್ ನೋಡುತ್ತ ಕೂಡಬೇಡಿ, ಎತ್ತರಕ್ಕೆ ನಡೆಯಿರಿ. ಇದಕ್ಕಾಗಿ ಟೆಂಟಿನ ಜಾಗದಿಂದ ಗುಡ್ಡಕ್ಕೆ ಹೋಗುವ ದಾರಿಯನ್ನು ಹಗಲಲ್ಲೇ ಒಮ್ಮೆ ನಡೆದು ನೋಡಬೇಕು. ದಾರಿ ಇಲ್ಲದ, ಹಿಂದೆ ಬರೀ ಕೆಸರು ಕಾಡಿರುವ ಜಾಗ ಎಷ್ಟೇ ಚೆಂದವಿದ್ದರೂ ಬಿಟ್ಟುಬಿಡಿ. ಉಬ್ಬರ-ಇಳಿತದ ಸಮಯ ತಿಳಿದಿದ್ದರೆ ಇಲ್ಲೂ ಉಪಯೋಗ: ನೀರು ಹಿಂದೆ ಸರಿಯುವ ಹೊತ್ತಲ್ಲದ ಹೊತ್ತಿನಲ್ಲಿ ಸರಿದರೆ ನಿಮಗೆ ತಕ್ಷಣ ಗೊತ್ತಾಗುತ್ತದೆ.

ನೀರು ತಲೆಗೆ ದಿನಕ್ಕೆ 5 ಲೀಟರ್ ಹೊತ್ತೇ ಹೋಗಿ, ದಂಡೆ ಹತ್ತಿರದ ಬಾವಿ ಉಪ್ಪು ಬೆರೆತಿರಬಹುದು. ಗ್ಯಾಸ್ ಡಬ್ಬಿ, ಲೈಟರ್, ಬೆಂಕಿಪೆಟ್ಟಿಗೆ ವಿಮಾನದಲ್ಲಿ ಬಿಡುವುದಿಲ್ಲ, ಅಲ್ಲೇ ಕೊಳ್ಳಬೇಕು. ಬಿರುಗಾಳಿ ಎದ್ದರೆ ದೋಣಿ ನಿಲ್ಲುತ್ತದೆ. 2016ರ ಡಿಸೆಂಬರಿನಲ್ಲಿ ನೂರಾರು ಪ್ರವಾಸಿಗರು ದ್ವೀಪದಲ್ಲೇ ಸಿಕ್ಕಿಕೊಂಡು ನೌಕಾಪಡೆಯ ಹಡಗುಗಳು ಹೋಗಿ ಕರೆತರಬೇಕಾಯಿತು. ಒಲೆ ಹಚ್ಚದೆಯೇ ಎರಡು ದಿನ ನಡೆಯುವ ಊಟ ಜೊತೆಗಿರಲಿ. ಅದಕ್ಕೆ ನಮ್ಮ ಖಡಕ್ ರೊಟ್ಟಿ, ಶೇಂಗಾ ಹಿಂಡಿಗಿಂತ ಛಲೋದು ಇಲ್ಲ. ಆದರೆ ಮನೆಯಲ್ಲಿಟ್ಟಂತೆ ಬಟ್ಟೆಯಲ್ಲಿ ಸುತ್ತಿ ಒಯ್ದರೆ ಅಲ್ಲಿನ ತೇವಕ್ಕೆ ಮೆತ್ತಗಾಗಿ ಬೂಸು ಹಿಡಿಯುತ್ತವೆ. ಬಿಗಿ ಮುಚ್ಚಳದ ಸ್ಟೀಲ್ ಡಬ್ಬಿಯಲ್ಲಿ ಹಾಕಿ, ರಾತ್ರಿ ಡಬ್ಬಿಯನ್ನು ನೆಲಕ್ಕಿಡದೆ ಹಗ್ಗ ಕಟ್ಟಿ ಕೊಂಬೆಗೆ ತೂಗುಹಾಕಿ. ಏಡಿಗಳಿಗೆ ಅದು ಸಿಗಬಾರದು.