ಮೂರರಲ್ಲೊಂದು ಮತ, ಮೂರರಲ್ಲೆರಡು ಸ್ಥಾನ

ನಿನ್ನೆ ಇಲ್ಲಿ ಬ್ರಿಟನ್ನಿನ ನಮ್ಮ ಕನ್ನಡ ಕೂಟದ ಊಟದ ಸಾಲಿನಲ್ಲಿ, ಬಿಸಿಬೇಳೆಬಾತಿನ ತಟ್ಟೆ ಹಿಡಿದು ನಿಂತಿದ್ದ ಹಿರಿಯರೊಬ್ಬರು ತೀರ್ಪು ಕೊಟ್ಟುಬಿಟ್ಟರು: “ಈ ಬ್ರಿಟಿಷರದು ಚಂಚಲ ಬುದ್ಧಿ ಕಣಯ್ಯಾ. 2024ರಲ್ಲಿ ಒಕ್ಕೊರಲಿನಿಂದ ಲೇಬರ್ ಪಕ್ಷವನ್ನು ಗೆಲ್ಲಿಸಿದರು, ವರ್ಷ ತುಂಬುವುದರೊಳಗೆ ಒಕ್ಕೊರಲಿನಿಂದ ಬೈಯಲು ಶುರುಮಾಡಿದರು.” ಸುತ್ತಲಿದ್ದವರು ತಲೆಯಾಡಿಸಿದರು. ನನ್ನ ಸ್ವಭಾವ ಬಲ್ಲ ನಿಮಗೆ ಹೇಳಬೇಕಾಗಿಲ್ಲ, ಅಲ್ಲಿಂದ ಮುಂದೆ ನನಗೆ ಊಟದ ರುಚಿ ತಿಳಿಯಲಿಲ್ಲ. ಅವರ ವಯಸ್ಸಿಗೆ ಮರ್ಯಾದೆ ಕೊಟ್ಟು ಅಲ್ಲಿ ಸುಮ್ಮನಿದ್ದೆ. ಇಲ್ಲಿ ಸುಮ್ಮನಿರುವ ಅಗತ್ಯವಿಲ್ಲ.

ಒಕ್ಕೊರಲು ಎಲ್ಲಿತ್ತು ಸ್ವಾಮಿ? 2024ರ ಜುಲೈ 4ರಂದು ನಡೆದ ಸಾರ್ವತ್ರಿಕ ಚುನಾವಣೆಯಲ್ಲಿ ಲೇಬರ್ ಪಕ್ಷಕ್ಕೆ ಬಿದ್ದ ಮತ ಶೇಕಡಾ 33.7. ಸಂಸತ್ತಿನ ಕೆಳಮನೆಯಾದ ಕಾಮನ್ಸ್ ಸಭೆಯ 650 ಸ್ಥಾನಗಳಲ್ಲಿ ಅದಕ್ಕೆ ದಕ್ಕಿದ್ದು 411. ಮತಗಟ್ಟೆಗೆ ಹೋದವರೇ ಶೇಕಡಾ 60ರ ಆಸುಪಾಸು ಎಂಬುದನ್ನೂ ಸೇರಿಸಿಕೊಂಡರೆ, ಮತದಾರರ ಪಟ್ಟಿಯಲ್ಲಿದ್ದ ಐವರಲ್ಲಿ ಒಬ್ಬರು ಮಾತ್ರ ಈ ಪಕ್ಷಕ್ಕೆ ಗುರುತು ಹಾಕಿದ್ದರು. ಉಳಿದ ನಾಲ್ವರು ಯಾವತ್ತೂ ಪಕ್ಷದ ಆಗಿನ ನಾಯಕ ಕೀರ್ ಸ್ಟಾರ್ಮರ್ ಅವರಿಗೆ ಮನಸೋತವರಲ್ಲ. ಕೊಡದ ಪ್ರೀತಿಯನ್ನು ಹಿಂತೆಗೆದುಕೊಂಡರು ಎಂದು ಜನರನ್ನು ದೂರುವುದು ಯಾವ ನ್ಯಾಯ?

ಇನ್ನೂ ವಿಚಿತ್ರವಾದ ಸಂಗತಿಯೊಂದಿದೆ. 2019ರಲ್ಲಿ ಜೆರೆಮಿ ಕಾರ್ಬಿನ್ ನೇತೃತ್ವದಲ್ಲಿ ಇದೇ ಪಕ್ಷ 202 ಸ್ಥಾನಗಳಿಗೆ ಕುಸಿದು, 1935ರ ನಂತರದ ಅತಿ ಹೀನಾಯ ಸೋಲು ಎನ್ನಿಸಿಕೊಂಡಾಗ, ಅದಕ್ಕೆ ಬಿದ್ದಿದ್ದ ಮತಗಳು ಒಂದು ಕೋಟಿ ಎರಡು ಲಕ್ಷಕ್ಕೂ ಹೆಚ್ಚು. 2024ರ ಮಹಾ ವಿಜಯದಲ್ಲಿ ಬಿದ್ದದ್ದು ಸುಮಾರು 97 ಲಕ್ಷ. ಮತ ಕಡಿಮೆಯಾಯಿತು, ಸ್ಥಾನ ಎರಡು ಪಟ್ಟಾಯಿತು. ಇಲ್ಲಿಯ ಪದ್ಧತಿಯೇ ಹಾಗೆ: ಒಂದೊಂದು ಕ್ಷೇತ್ರದಲ್ಲೂ ಉಳಿದವರಿಗಿಂತ ಹೆಚ್ಚು ಮತ ಪಡೆದವರೇ ಗೆದ್ದಂತೆ, ಅರ್ಧಕ್ಕಿಂತ ಹೆಚ್ಚು ಬೇಕಿಲ್ಲ, ದೇಶದ ಒಟ್ಟು ಮತ ಲೆಕ್ಕಕ್ಕೂ ಇಲ್ಲ. 2017ರಲ್ಲಂತೂ ಕಾರ್ಬಿನ್ ಅವರಿಗೆ 1 ಕೋಟಿ 28 ಲಕ್ಷ ಮತ, ಅಂದರೆ ಶೇಕಡಾ 40 ಬಿದ್ದಿತ್ತು. ಆದರೂ ಅವರು 262 ಸ್ಥಾನಗಳೊಂದಿಗೆ ವಿರೋಧ ಪಕ್ಷದಲ್ಲೇ ಕುಳಿತರು. ನಾನು ಕಾರ್ಬಿನ್ ಅಭಿಮಾನಿಯಲ್ಲ, ಇದು ನಿಮಗೆ ಗೊತ್ತು. ಹಾಗೆಂದು ಕಣ್ಣೆದುರಿನ ಅಂಕಿಗಳನ್ನು ಕಾಣದವನಂತೆ ಇರಲು ನನ್ನಿಂದಾಗದು.

ಲಿಬರಲ್ ಡೆಮಾಕ್ರಟರ ಕಥೆಯೂ ಹೀಗೆಯೇ. 2019ರಲ್ಲಿ ಸುಮಾರು 37 ಲಕ್ಷ ಮತ ಪಡೆದು 11 ಸ್ಥಾನ ಗೆದ್ದವರು, 2024ರಲ್ಲಿ 35 ಲಕ್ಷ ಮತ ಪಡೆದು 72 ಗೆದ್ದರು. ಎಲ್ಲೆಡೆ ಸಗಣಿ ಸಾರಿಸಿದಂತೆ ತೆಳ್ಳಗೆ ಹರಡಿದ್ದ ಮತಗಳನ್ನು ಗೆಲ್ಲಬಹುದಾದ ಕ್ಷೇತ್ರಗಳಲ್ಲಿ ಗುಡ್ಡೆ ಹಾಕಿದ್ದೇ ಅವರ ಸಾಧನೆ. ಅತ್ತ ವಲಸೆಯನ್ನು ವಿರೋಧಿಸುವ ನೈಜೆಲ್ ಫರಾಜ್ ಅವರ ರಿಫಾರ್ಮ್ ಪಕ್ಷಕ್ಕೆ 41 ಲಕ್ಷ ಮತ, ಸ್ಥಾನ ಐದು. ಭಾಗಿಸಿ ನೋಡಿ: ಲೇಬರ್ ಪಕ್ಷದ ಒಂದು ಸ್ಥಾನಕ್ಕೆ ಸುಮಾರು 24 ಸಾವಿರ ಮತ ಸಾಕಾದರೆ, ರಿಫಾರ್ಮ್ ಪಕ್ಷದ ಒಂದು ಸ್ಥಾನಕ್ಕೆ ಎಂಟು ಲಕ್ಷಕ್ಕೂ ಹೆಚ್ಚು ಮತ ಬೇಕಾಯಿತು. ಆ ಪಕ್ಷದ ಮಾತುಗಳನ್ನು ಕೇಳಿದರೆ ನನಗೆ ಮೈ ಉರಿಯುತ್ತದೆ. ಈ ಲೆಕ್ಕ ನೋಡಿದರೂ ಉರಿಯುತ್ತದೆ. ಎರಡೂ ಉರಿಗಳು ಒಂದೇ ಮೈಯಲ್ಲಿ ಇರಬಹುದು ಎಂದು ಒಪ್ಪಿಕೊಳ್ಳಲು ನನಗೆ ಸ್ವಲ್ಪ ಕಾಲ ಹಿಡಿಯಿತು.

“ಆದರೆ ಈ ಪದ್ಧತಿ ಸ್ಥಿರ ಸರ್ಕಾರ ಕೊಡುತ್ತದಲ್ಲ” ಎಂದು ಈಗಾಗಲೇ ಯಾರೋ ಪ್ರತಿಕ್ರಿಯೆ ಬರೆಯಲು ಕುಳಿತಿರುತ್ತಾರೆ. ಕೊಡುತ್ತದೆ, ಅನುಮಾನವೇ ಬೇಡ. 2010ರಲ್ಲಿ ಕೊಟ್ಟದ್ದು ಸಮ್ಮಿಶ್ರ ಸರ್ಕಾರ. 2017ರಲ್ಲಿ ಕೊಟ್ಟದ್ದು ಉತ್ತರ ಐರ್ಲೆಂಡಿನ ಹತ್ತು ಸದಸ್ಯರ ಊರುಗೋಲಿನ ಮೇಲೆ ನಿಂತ ಸರ್ಕಾರ. 2019ರಲ್ಲಿ ಕನ್ಸರ್ವೇಟಿವ್ ಪಕ್ಷಕ್ಕೆ ನಿಜವಾಗಿಯೂ 80 ಸ್ಥಾನಗಳ ಬಹುಮತ ಕೊಟ್ಟಿತು. ಆ ಭದ್ರ ಬಹುಮತದ ಒಂದೇ ಅವಧಿಯಲ್ಲಿ ಬೋರಿಸ್ ಜಾನ್ಸನ್, ಲಿಜ್ ಟ್ರಸ್, ರಿಷಿ ಸುನಾಕ್ ಎಂದು ಮೂವರು ಪ್ರಧಾನಿಗಳನ್ನು ಕಂಡೆವು, ಅವರಲ್ಲಿ ಟ್ರಸ್ ಅಧಿಕಾರದಲ್ಲಿ ಎರಡು ತಿಂಗಳೂ ಬಾಳಲಿಲ್ಲ. ಇಂಥ ಸ್ಥಿರತೆ ಶತ್ರುವಿಗೂ ಬೇಡ. ಆ ಟ್ರಸ್ ಅವರೇ 2024ರಲ್ಲಿ ಸೌತ್ ವೆಸ್ಟ್ ನಾರ್ಫಕ್ ಕ್ಷೇತ್ರದಲ್ಲಿ 630 ಮತಗಳಿಂದ ಸೋತರು. ಅವರನ್ನು ಸೋಲಿಸಿದವರಿಗೆ ಬಿದ್ದದ್ದು ಶೇಕಡಾ 26.7 ಮತ. ಅಂದರೆ ಆ ಕ್ಷೇತ್ರದಲ್ಲಿ ಮತ ಹಾಕಿದ ಪ್ರತಿ ನಾಲ್ವರಲ್ಲಿ ಸುಮಾರು ಮೂವರು ಬೇಡವೆಂದವರೇ ಅವರ ಪ್ರತಿನಿಧಿ. ಟ್ರಸ್ ಸೋತದ್ದಕ್ಕೆ ನಾನು ಅಂದು ರಾತ್ರಿ ಕುಣಿದದ್ದೂ ಸುಳ್ಳಲ್ಲ.

ಇದೇನು ಇವತ್ತಿನ ರೋಗವೂ ಅಲ್ಲ. 1951ರಲ್ಲಿ ಆಗಿನ ಪ್ರಧಾನಿ ಆಟ್ಲಿಯವರ ಲೇಬರ್ ಪಕ್ಷ ಚರ್ಚಿಲ್ ಅವರ ಕನ್ಸರ್ವೇಟಿವ್ ಪಕ್ಷಕ್ಕಿಂತ ಹೆಚ್ಚು ಮತ ಪಡೆದೂ ಅಧಿಕಾರ ಕಳೆದುಕೊಂಡಿತು. 1983ರಲ್ಲಿ ಲಿಬರಲ್ ಮತ್ತು ಸೋಷಿಯಲ್ ಡೆಮಾಕ್ರಟಿಕ್ ಪಕ್ಷಗಳ ಮೈತ್ರಿಕೂಟ ಶೇಕಡಾ 25ಕ್ಕೂ ಹೆಚ್ಚು ಮತ ಪಡೆದು 23 ಸ್ಥಾನಗಳಲ್ಲಿ ತೃಪ್ತಿಪಡಬೇಕಾಯಿತು. ಅದಕ್ಕಿಂತ ಎರಡೇ ಚಿಲ್ಲರೆ ಶೇಕಡಾ ಮುಂದಿದ್ದ ಲೇಬರ್‌ಗೆ 209. ಊರಿನ ಗೆಳೆಯರು ನಗುವ ಮುನ್ನ 2018ರ ಕರ್ನಾಟಕವನ್ನು ನೆನಪಿಸಿಕೊಳ್ಳಲಿ: ಹೆಚ್ಚು ಮತ ಕಾಂಗ್ರೆಸ್ಸಿಗೆ, ಹೆಚ್ಚು ಸ್ಥಾನ ಬಿಜೆಪಿಗೆ. ಬ್ರಿಟಿಷರು ಬಿಟ್ಟುಹೋದ ಪದ್ಧತಿ ಅಲ್ಲಿಯೂ ಅದೇ ಆಟ ಆಡುತ್ತದೆ.

ನನಗೆ ನಿಜವಾಗಿ ಸಿಟ್ಟು ಬರುವುದು ಪಕ್ಷಗಳ ಮರೆವಿನ ಮೇಲೆ. 1997ರ ಪ್ರಣಾಳಿಕೆಯಲ್ಲಿ ಲೇಬರ್ ಪಕ್ಷ ಚುನಾವಣಾ ಪದ್ಧತಿಯ ಬಗ್ಗೆ ಜನಮತಗಣನೆ ನಡೆಸುವುದಾಗಿ ಹೇಳಿತ್ತು. ಶೇಕಡಾ 43 ಮತಕ್ಕೆ 418 ಸ್ಥಾನ ಕೈಸೇರಿದ ಮೇಲೆ ಸಮಿತಿ ಕೂತಿತು, ವರದಿ ಬಂತು, ವರದಿ ಕಪಾಟು ಸೇರಿತು. 2022ರಲ್ಲಿ ಅದೇ ಪಕ್ಷದ ಸಮ್ಮೇಳನ ಅನುಪಾತ ಪ್ರಾತಿನಿಧ್ಯದ, ಅಂದರೆ ಮತಕ್ಕೆ ತಕ್ಕಷ್ಟು ಸ್ಥಾನ ಕೊಡುವ ಪದ್ಧತಿಯ ಪರ ನಿರ್ಣಯ ಅಂಗೀಕರಿಸಿತು. ನಾಯಕರಿಗೆ ಅದು ಕೇಳಿಸಲಿಲ್ಲ. ಹಸಿದಾಗ ನೆನಪಾಗುವ ನ್ಯಾಯ, ಹೊಟ್ಟೆ ತುಂಬಿದೊಡನೆ ಮರೆತುಹೋಗುತ್ತದೆ. ಇದೇ ಪದ್ಧತಿ ನಾಳೆ ಫರಾಜ್ ಅವರಿಗೆ ಶೇಕಡಾ 30ಕ್ಕೆ ಬಹುಮತ ಕೊಟ್ಟರೆ, ಅವರೂ ಪದ್ಧತಿಯ ಮೇಲಿನ ತಮ್ಮ ಹಳೆಯ ದೂರನ್ನು ಮಡಿಚಿ ಜೇಬಿಗಿಡುತ್ತಾರೆ, ನೋಡುತ್ತಿರಿ.

ಇಷ್ಟು ಬರೆದವನು ತನ್ನದನ್ನೂ ಹೇಳಿಬಿಡಬೇಕು. 2024ರಲ್ಲಿ ಲೇಬರ್ ಗೆಲ್ಲಲಿ ಎಂದು ಬಯಸಿದ ನಾನು ಲೇಬರ್‌ಗೆ ಮತ ಹಾಕಲಿಲ್ಲ. ನಮ್ಮ ಕ್ಷೇತ್ರದಲ್ಲಿ ಕನ್ಸರ್ವೇಟಿವ್ ಅಭ್ಯರ್ಥಿಯನ್ನು ಕೆಡವಬಲ್ಲವರು ಲಿಬರಲ್ ಡೆಮಾಕ್ರಟರು ಮಾತ್ರ ಎಂದು ತಿಳಿದು, ಒಲ್ಲದ ಮನಸ್ಸಿನಿಂದ ಮತಗಟ್ಟೆಯ ಪೆನ್ಸಿಲ್ಲಿನಲ್ಲಿ ಅವರ ಹೆಸರಿನ ಮುಂದೆ ಗುರುತು ಹಾಕಿ ಬಂದೆ. ಆದ್ದರಿಂದ ನಾನು ಮೇಲೆ ಕುಟ್ಟಿ ಹೇಳಿದ ಶೇಕಡಾ 33.7 ಕೂಡ ಜನರ ಮನಸ್ಸಿನ ಸರಿಯಾದ ಅಳತೆಯಲ್ಲ.

ಅದಕ್ಕಿಂತ ದೊಡ್ಡ ತಪ್ಪು 2011ರದು. ಅಭ್ಯರ್ಥಿಗಳಿಗೆ 1, 2, 3 ಎಂದು ಕ್ರಮ ಕೊಡುವ ಪದ್ಧತಿ ಬೇಕೇ ಎಂಬ ಜನಮತಗಣನೆ ಆ ಮೇ ತಿಂಗಳಲ್ಲಿ ನಡೆಯಿತು. ಆಗಿನ್ನೂ ನನ್ನ ಬಳಿ ಭಾರತದ ಪಾಸ್‌ಪೋರ್ಟೇ ಇತ್ತು, ಆದರೂ ಕಾಮನ್‌ವೆಲ್ತ್ ಪ್ರಜೆಯಾದ್ದರಿಂದ ಮತ ಹಾಕುವ ಹಕ್ಕಿತ್ತು. ಹೊಸ ಪದ್ಧತಿಗೆ ಸುರಿಯುವ ಹಣವನ್ನು ಹಸುಗೂಸುಗಳ ಆರೈಕೆಗೆ ಕೊಡಿ ಎಂಬರ್ಥದ ಭಿತ್ತಿಪತ್ರ ನೋಡಿ ಕರಗಿದ ನಾನು, ಬೇಡ ಎಂದ ಶೇಕಡಾ 68ರಲ್ಲಿ ಒಬ್ಬನಾದೆ. ಆ ಪದ್ಧತಿಯೂ ಮತಕ್ಕೆ ತಕ್ಕ ಸ್ಥಾನ ಕೊಡುತ್ತಿರಲಿಲ್ಲ ಎಂಬುದು ನಿಜ, ಆದರೆ ಅದು ನಾನು ಆಮೇಲೆ ಹುಡುಕಿಕೊಂಡ ಸಮರ್ಥನೆ. ನನ್ನ ಹೆಂಡತಿ ಬೇಕು ಎಂದು ಮತ ಹಾಕಿದ್ದಳು. ಅಂದಿನಿಂದ ಪ್ರತಿ ಸಾರ್ವತ್ರಿಕ ಚುನಾವಣೆಯ ರಾತ್ರಿ ಹತ್ತು ಗಂಟೆಗೆ ಟಿವಿಯಲ್ಲಿ ಎಕ್ಸಿಟ್ ಪೋಲ್ ಅಂಕಿ ಮೂಡಿದೊಡನೆ, ಅವಳು ಪರದೆಯನ್ನು ಬಿಟ್ಟು ನನ್ನ ಮುಖವನ್ನು ನೋಡುತ್ತಾಳೆ.